ಕುತ್ತಿಗೆಯಿಂದ ಕೆಳಗೆ

ಎಡತೋಳು ಕುಪ್ಪಸದೊಳಗೆ ಹೋಗಲೊಲ್ಲದು. ಶಿವಕುಮಾರಿ ಮೊಣಕೈ ಹಿಡಿದು ಬಗ್ಗಿಸಿದಳು, ನೆರೆಮನೆಯ ಮಲ್ಲಕ್ಕ ತೋಳಿನ ತುದಿ ಹಿಡಿದು ಎಳೆದಳು. ಬೆಳಗಿನ ಜಾವ ಪ್ರಾಣ ಬಿಟ್ಟ ದೇಹ ಈಗ ಯಾರ ಮಾತೂ ಕೇಳುವಂತಿರಲಿಲ್ಲ.

"ಗಿಡ್ಡ ತೋಳಿಂದು ಹಾಕಿದ್ರ ನಡೀತಿತ್ತಲ್ಲ ಯವ್ವಾ," ಎಂದಳು ಮಲ್ಲಕ್ಕ. "ಹೆಂಗೂ ಮ್ಯಾಲ ಸೀರಿ ಹೊಚ್ಚತೀವಿ. ಯಾರ್ ನೋಡ್ತಾರ?"

"ಜಲ್ಮಪೂರ್ತಿ ನೋಡ್ಯಾರ. ಇವತ್ತರೆ ಬ್ಯಾಡ."

ಮಲ್ಲಕ್ಕ ಮತ್ತೆ ತೋಳಿನ ತುದಿ ಹಿಡಿದಳು. ಮುಂಬಯಿಯ ಭಾಂಡುಪಿನ ಆ ಚಾಳಿನಲ್ಲಿ ಶಿವಕುಮಾರಿಯ ತಂಗಿ ವಿನೋದಿನಿಯನ್ನು ಅರಿಯದವರು ಯಾರಿದ್ದರು? ಇಪ್ಪತ್ತು ವರ್ಷಗಳ ಹಿಂದೆ ‘ಯಾನ್ ನಂಬರ್ ನೌ’, ಅಂದರೆ ಒಂಬತ್ತನೇ ಹಡಗು, ಎಂಬ ಹಿಂದಿ ಧಾರಾವಾಹಿಯಲ್ಲಿ, ನಕ್ಷತ್ರಗಳ ನಡುವೆ ಹಾರುವ ಹಡಗಿನ ವಿಜ್ಞಾನಿ ಡಾಕ್ಟರ್ ನಿಹಾರಿಕಾ ಆಗಿದ್ದವಳು ಇವಳೇ. ಮೈಗೆ ಅಂಟಿಕೊಂಡ ಬೆಳ್ಳಿ ಬಣ್ಣದ ಸೂಟು, ಎದೆಯ ತನಕ ಇಳಿಸಿದ ಜಿಪ್ಪು. ನೋಡಿದ ಗಂಡಸರಿಗೆ ಹಡಗಿನ ಹೆಸರು ಮರೆತುಹೋಗಿರಬಹುದು, ಜಿಪ್ಪು ಮರೆತಿರಲಿಲ್ಲ.

ಇವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಕುಳಿತಂತೆಯೇ ಮಣ್ಣು ಮಾಡುತ್ತಾರೆ. ಬಂದವರೆಲ್ಲ ಎದುರು ನಿಂತು ಮುಖ ನೋಡಿ ಕೈ ಮುಗಿಯುತ್ತಾರೆ. ಶಿವಕುಮಾರಿಗೆ ಬೇಕಾಗಿದ್ದುದೂ ಅಷ್ಟೇ. ಇದೊಂದು ದಿನ ಜನ ತನ್ನ ತಂಗಿಯ ಮುಖ ನೋಡಬೇಕು. ಅದಕ್ಕೆಂದೇ ಇಳಕಲ್ ಸೀರೆ, ಮಣಿಕಟ್ಟಿನ ತನಕ ಬರುವ ತೋಳಿನ ಕುಪ್ಪಸ.

ಕೊನೆಗೂ ತೋಳು ಒಳಗೆ ಹೋಯಿತು. ಅಷ್ಟರಲ್ಲಿ ಶಿವಕುಮಾರಿಯ ಮಗ ಸುಭಾಷ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ.

"ಅವ್ವಾ, ಸೀರಿಯಲ್‌ದಾಗಿನ ಕ್ಯಾಪ್ಟನ್ ಖುದ್ದ್ ಬರಾಕತ್ತಾನ! ಚಾನೆಲ್‌ನವರ ಫೋನ್ ಇತ್ತು. ಗೋಡೌನ್‌ದಾಗಿನ ಆ ಕುರ್ಚಿ ಭೀ ಕಳಸ್ತಾರಂತ. ವಿನೂ ಮೌಶಿನ್ನ ಅದರಾಗ ಕುಂದ್ರಸೂದು."

"ಯಾವ ಕುರ್ಚಿ?" ಎಂದಳು ಶಿವಕುಮಾರಿ, ಯಾವ ಕುರ್ಚಿಯೆಂದು ಚೆನ್ನಾಗಿ ಗೊತ್ತಿದ್ದೂ.

*

ಧಾರಾವಾಹಿ ನಡೆಯುತ್ತಿದ್ದಾಗ ಅಂಧೇರಿಯ ಸ್ಟುಡಿಯೋಗೆ ತಂಗಿಯನ್ನು ಒಬ್ಬಳನ್ನೇ ಕಳಿಸಬಾರದೆಂದು ಶಿವಕುಮಾರಿಯೂ ಹೋಗುತ್ತಿದ್ದಳು, ಮೂಲೆಯಲ್ಲಿ ಊಟದ ಡಬ್ಬಿ ಹಿಡಿದು ಕೂರುತ್ತಿದ್ದಳು. ಕತೆಯಲ್ಲಿ ಹಡಗಿನ ಇಂಜಿನ್ ಕಟ್ಟಿದವಳು ಡಾಕ್ಟರ್ ನಿಹಾರಿಕಾ. ಆ ಇಂಜಿನ್ನಿನ ಮಾತುಗಳನ್ನೆಲ್ಲ ವಿನೋದಿನಿ ಲೋಕಲ್ ರೈಲಿನಲ್ಲಿ ನಿಂತು ಬಾಯಿಪಾಠ ಮಾಡಿಕೊಂಡಿದ್ದಳು. ಮೊದಲ ದಿನವೇ ನಿರ್ದೇಶಕ ಅವನ್ನು ಕಿತ್ತು ಕ್ಯಾಪ್ಟನ್ ಪಾತ್ರದವನಿಗೆ ಕೊಟ್ಟ.

"ರಿಪೇರಿ ಅವನು ಮಾಡ್ತಾನೆ," ಎಂದ. "ನೀನು ಪಕ್ಕದಲ್ಲಿ ನಿಂತು ಬೆವರು."

ಮೇಕಪ್ಪಿನವನು ಬಾಟಲಿ ತಂದು ಅವಳ ಕುತ್ತಿಗೆಯಿಂದ ಕೆಳಗೆ ನೀರು ಸಿಂಪಡಿಸಿದ. ಕ್ಯಾಮೆರಾ ಅಲ್ಲಿಂದಲೇ ಶುರುವಾಯಿತು, ಅಲ್ಲಿಂದ ಮೇಲೆ ಹೋದದ್ದು ಅಪರೂಪ. ಬೇರೆ ಗ್ರಹದ ರಾಕ್ಷಸರು ಬಂದಾಗಲೆಲ್ಲ ಹರಿಯುತ್ತಿದ್ದುದು ಇವಳ ಸೂಟೇ. ಕ್ಯಾಪ್ಟನ್ನನ ಅಂಗಿಯ ಒಂದು ಗುಂಡಿಯನ್ನೂ ಯಾವ ರಾಕ್ಷಸನೂ ಕೀಳಲಿಲ್ಲ. ರಾಕ್ಷಸರಿಗೂ ನಿರ್ದೇಶಕನದೇ ರುಚಿ.

"ಬಿಟ್ಟ ಬಿಡ ವಿನೂ," ಎಂದಿದ್ದಳು ಶಿವಕುಮಾರಿ.

"ಇಲ್ಲಕ್ಕಾ. ಮುಂದ ಕ್ಯಾಪ್ಟನ್ ಸಾಯ್ತಾನ. ಆಮ್ಯಾಲೆ ಅವನ ಕುರ್ಚಿ ನಂದ ಅಂದಾರ."

ಆ ಒಂದು ಮಾತಿಗೆ ಮೂರು ವರ್ಷ ಬೆವರಿದಳು, ಹುಚ್ಚಿ. ಮನೆಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ರೊಟ್ಟಿ ತಟ್ಟುವ ಅಕ್ಕನನ್ನೇ ಹಡಗಿನ ಸಿಬ್ಬಂದಿ ಮಾಡಿಕೊಂಡು, ಹಿಂದಿಯಲ್ಲಿ ಗಂಭೀರವಾಗಿ ಹೇಳುತ್ತಿದ್ದಳು: "ಹಡಗು ಈಗ ನನ್ನ ಕೈಯಲ್ಲಿದೆ. ಯಾರೂ ಹೆದರಬೇಡಿ." ಶಿವಕುಮಾರಿ ಹಿಟ್ಟಿನ ಕೈಯಲ್ಲೇ ಸೆಲ್ಯೂಟ್ ಹೊಡೆಯುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಆ ದಿನವೂ ಬಂತು. ಕ್ಯಾಪ್ಟನ್ ಸತ್ತ. ವಿನೋದಿನಿ ಹೋಗಿ ಕುರ್ಚಿಯಲ್ಲಿ ಕೂತಳು, ಮಾತು ಶುರು ಮಾಡುವಷ್ಟರಲ್ಲಿ ನಿರ್ದೇಶಕ ಕೈ ಎತ್ತಿದ.

"ಕೂತರೆ ಏನು ಕಾಣುತ್ತೆ, ತಲೆನಾ? ಏಳು. ಎದ್ದು ಕುರ್ಚಿಯ ಕೈ ಹಿಡಿದು ಬಗ್ಗು."

ಬಗ್ಗಿದಳು. ಅದೇ ಕಂತಿನ ಕೊನೆಗೆ ಕ್ಯಾಪ್ಟನ್ ಬದುಕಿ ಬಂದು ಕುರ್ಚಿಯಲ್ಲಿ ಕೂತ, ಅವಳು ಖುಷಿಯಿಂದ ಅತ್ತು ಅವನ ತೊಡೆಯ ಮೇಲೆ ಬೀಳಬೇಕಾಯಿತು. ಆಮೇಲೆ ಧಾರಾವಾಹಿ ನಿಂತಿತು. ಬೇರೆ ಪಾತ್ರ ಬರಲಿಲ್ಲ. ನೋಡಲು ಬಂದ ವರಗಳು ಚಹಾ ಕುಡಿದು, "ಅದರಾಗ ಇದ್ದಾಕಿ ನೀವಽ ಏನ್ರಿ?" ಎಂದು ಕೇಳಿ, ಕಣ್ತುಂಬ ನೋಡಿ ಹೋದವು. ಗ್ರಾಂಟ್ ರೋಡಿನ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡಿದಳು. ಸಕ್ಕರೆ ಕಾಯಿಲೆ ಕಾಲಿಗೆ ಬಂತು, ಕಾಲಿನಿಂದ ಕಿಡ್ನಿಗೆ ಹೋಯಿತು.

*

ಕುರ್ಚಿ ಟೆಂಪೋದಲ್ಲಿ ಬಂತು. ಪ್ಲೈವುಡ್ಡಿನದು, ಬೆಳ್ಳಿ ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಹಿಂಬದಿಯಲ್ಲಿ ನೀಲಿ ಬಲ್ಬುಗಳ ಸಾಲು. ಶಿವಕುಮಾರಿ ಹೋಗಿ ಅದರ ಕೈ ಮುಟ್ಟಿದಳು. ಬಂತಲ್ಲೇ ವಿನೂ, ನಿನ್ನ ಕುರ್ಚಿ! ಸಾವಿನ ಮನೆಯಲ್ಲಿ ಹಿಗ್ಗಬಾರದು, ಆದರೂ ಹಿಗ್ಗಿದಳು.

ಅಂಗಳದ ನಡುವೆ ಕುರ್ಚಿಯಿಟ್ಟು ವಿನೋದಿನಿಯನ್ನು ಕುಳ್ಳಿರಿಸಿದರು, ಬೆನ್ನಿಗೆ ಬಟ್ಟೆ ಕಟ್ಟಿದರು. ಹಣೆಯ ತುಂಬ ವಿಭೂತಿ. ರೋಗ ಇಳಿಸಿದ ಮುಖದಲ್ಲಿ ಮೂಗು, ಹುಬ್ಬು, ಗದ್ದ ಎಲ್ಲವೂ ಎದ್ದು ಕಾಣುತ್ತಿದ್ದವು. ಯಾರದೋ ಮಾತು ಕೇಳಿಸಿಕೊಂಡು ಉತ್ತರ ಯೋಚಿಸುತ್ತಿರುವವಳ ಮುಖ.

"ರಾಣಿ ಕುಂತಂಗ ಕುಂತಾಳ ನೋಡ," ಎಂದು ಮಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಳಿನವರು ಒಬ್ಬೊಬ್ಬರೇ ಬಂದು ಮುಖ ನೋಡಿ ಕೈಮುಗಿದರು. ಅಷ್ಟು ಹೊತ್ತು ಎಲ್ಲ ಶಿವಕುಮಾರಿ ಅಂದುಕೊಂಡಂತೆಯೇ ನಡೆಯಿತು.

ಆಮೇಲೆ ಕ್ಯಾಪ್ಟನ್ ಬಂದ. ಕೂದಲಿಗೆ ಕಪ್ಪು ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ, ಸರಿಯಾಗಿ ಇಸ್ತ್ರಿ ಮಾಡಿದ ದುಃಖ. ಕೈಮುಗಿದಿದ್ದ ಜನ ಮೊಬೈಲು ತೆಗೆದರು. ಸಮಾಜದ ಹಿರಿಯ ಅಣವೀರಪ್ಪ ಓಡಿಹೋಗಿ, ಹೆಣಕ್ಕೆಂದು ತಂದ ಹಾರಗಳಲ್ಲಿ ಒಂದನ್ನು ಅವನ ಕೊರಳಿಗೆ ಹಾಕಿದ.

ಚಾನೆಲ್‌ನ ಕ್ಯಾಮೆರಾದವನು ಚೀಲದಿಂದ ಏನನ್ನೋ ತೆಗೆದು ವಿನೋದಿನಿಯ ತೊಡೆಯ ಮೇಲೆ ಹರವಿದ. ಬೆಳ್ಳಿ ಸೂಟು. ಅದೇ ಜಿಪ್ಪು.

"ತಗೀ ಅದನ್ನ!" ಎಂದಳು ಶಿವಕುಮಾರಿ.

"ಫ್ಯಾನ್ಸ್‌ಗೆ ಗುರುತು ಸಿಗಬೇಕಲ್ಲ ಮೌಸಿ," ಎಂದು ಅವನು ಹಿಂದಿಯಲ್ಲಿ ಸಮಾಧಾನ ಹೇಳಿ, ಮಂಡಿಯೂರಿ ಕ್ಯಾಮೆರಾ ಹಿಡಿದ. ಶಿವಕುಮಾರಿ ಅವನ ಹೆಗಲ ಮೇಲಿಂದ ಬಗ್ಗಿ ಆ ಪುಟ್ಟ ಪರದೆ ನೋಡಿದಳು. ಬೆಳ್ಳಿ ಸೂಟು ಇತ್ತು. ಎದೆ ಇತ್ತು, ಕೈ ಇತ್ತು, ಮೊಣಕಾಲಿತ್ತು.

"ಮಕ ಎಲ್ಲೈತಿ?"

"ಸತ್ತವರ ಮುಖ ತೋರಿಸೋ ಹಾಗಿಲ್ಲ ಮೌಸಿ. ನಮ್ಮ ಚಾನೆಲ್‌ನ ನಿಯಮ. ಮರ್ಯಾದೆ ಪ್ರಶ್ನೆ."

ಮರ್ಯಾದೆಯಂತೆ! ಬದುಕಿದ್ದಾಗ ತೋರಿಸಲಿಲ್ಲ, ಈಗ ಸತ್ತಿದ್ದಾಳೆಂದು ತೋರಿಸುವಂತಿಲ್ಲ. ಶಿವಕುಮಾರಿ ಬಾಯಿಗೆ ಬಂದದ್ದನ್ನು ಅನ್ನುವಷ್ಟರಲ್ಲಿ ಕ್ಯಾಪ್ಟನ್ ಹೋಗಿ ಅಣವೀರಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಣವೀರಪ್ಪ ಕೆಮ್ಮುತ್ತ ಹತ್ತಿರ ಬಂದ.

"ತಂಗೀ, ಸಾಹೇಬ್ರು ಕುರ್ಚಿ ಮ್ಯಾಲ ಕುಂತು ಎರಡ ಮಾತ ಆಡ್ತಾರಂತ. ಆಕಿನ್ನ ಸ್ವಲ್ಪ ಕೆಳಗ ಇಳಸೂಣು."

"ಏನ್ ಅಂದ್ರಿ?"

"ಎರಡ ನಿಮಿಷದ ಮಾತವ್ವ. ಅಷ್ಟು ದೊಡ್ಡ ಮನಶಾ ಮನಿತನಕ ಬಂದಾನ. ಆಕಿಗೇನ ತಿಳೀತೈತಿ?"

"ನನಗ ತಿಳೀತೈತಿಲ್ರಿ!" ಶಿವಕುಮಾರಿ ಕುರ್ಚಿಯ ಎರಡೂ ಕೈಗಳನ್ನು ಅಪ್ಪಿ ಹಿಡಿದಳು. "ಎಬ್ಬಸಬ್ಯಾಡ್ರಿ. ಇಷ್ಟ ವರ್ಷಕ್ಕ ಕುಂತಾಳ. ನಿಮ್ಮ ಕಾಲ ಬೀಳ್ತೀನಿ, ಎಬ್ಬಸಬ್ಯಾಡ್ರಿ."

"ಅವ್ವಾ, ತಮಾಶಾ ಮಾಡಬ್ಯಾಡ," ಎಂದ ಸುಭಾಷ. "ಲೋಗ್ ದೇಖ್ ರಹೇ ಹೈಂ, ಮಂದಿ ನೋಡಾಕತ್ತಾರ." ಅವಳ ಬೆರಳುಗಳನ್ನು ಬಿಡಿಸಿದವನು ಅವನೇ. ಹೆಣದ ಬಗಲಿಗೆ ಕೈ ಕೊಟ್ಟು ಎತ್ತಿದವನೂ ಅವನೇ.

ವಿನೋದಿನಿಯನ್ನು ನೀರಿನ ಡ್ರಮ್ಮಿನ ಪಕ್ಕ ಗೋಡೆಗೆ ಆನಿಸಿ ಕುಳ್ಳಿರಿಸಿದರು. ಕ್ಯಾಪ್ಟನ್ ಕರವಸ್ತ್ರದಿಂದ ಕುರ್ಚಿ ಒರೆಸಿ ಕೂತ. ನೀಲಿ ಬಲ್ಬು ಹೊತ್ತಿದವು. ಕನ್ನಡಕ ತೆಗೆದು ಕ್ಯಾಮೆರಾದ ಕಡೆ ನೋಡಿ, ನಡುಗುವ ದನಿಯಲ್ಲಿ ಹೇಳಿದ:

"ಹಡಗು ಈಗ ನನ್ನ ಕೈಯಲ್ಲಿದೆ. ಯಾರೂ ಹೆದರಬೇಡಿ."

ಜನ ಚಪ್ಪಾಳೆ ತಟ್ಟಿದರು. ದನಿ ಸರಿಯಾಗಿ ಬಂದಿಲ್ಲವೆಂದು ಕ್ಯಾಮೆರಾದವನು ಅಂದದ್ದಕ್ಕೆ ಇನ್ನೊಮ್ಮೆ ಹೇಳಿದ, ಇನ್ನೊಮ್ಮೆ ಅತ್ತ.

ಕುರ್ಚಿ ಸಂಜೆ ಬೇರೆ ಶೂಟಿಂಗಿಗೆ ಬೇಕಾಗಿತ್ತು, ಟೆಂಪೋ ಹತ್ತಿ ಹೋಯಿತು. ಶಿವಕುಮಾರಿ ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಎರಡು ಬಿದಿರು ಕಟ್ಟಿ ಅದರಲ್ಲೇ ಹೊತ್ತರು. ಚಾಳಿನವರೆಲ್ಲ ಕ್ಯಾಪ್ಟನ್ನನ ಕಾರಿನ ಹಿಂದೆ ಓಡಿದ್ದರು, ಹೆಗಲು ಕೊಡಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು.

ಕುಣಿಯಲ್ಲಿ ವಿನೋದಿನಿಯನ್ನು ಕುಳ್ಳಿರಿಸಿ, ಅಯ್ಯನವರು ವಿಭೂತಿ, ಬಿಲ್ವಪತ್ರೆ ಹಾಕಿದರು. ಮಣ್ಣು ಬೀಳತೊಡಗಿತು. ಮೊದಲು ಮಡಿಚಿದ ಕಾಲು ಮುಚ್ಚಿತು, ಆಮೇಲೆ ತೊಡೆ, ಇಳಕಲ್ ಸೆರಗು, ಹೆಗಲು.

"ಅವ್ವಾ, ಬಂತ ನೋಡ!" ಸುಭಾಷ ಮೊಬೈಲನ್ನು ಅವಳ ಕಣ್ಣ ಮುಂದೆ ಹಿಡಿದ. "ಎಷ್ಟ ಮಂದಿ ನೋಡ್ಯಾರ ಅಂತೀ!" ಪರದೆಯ ಮೇಲೆ ಹಾಡು, ಹೂವು, ಬೆಳ್ಳಿ ಸೂಟು, ಕುತ್ತಿಗೆಯಿಂದ ಕೆಳಗೆ ಒಂದು ಮೈ.

ಶಿವಕುಮಾರಿ ಅವನ ಕೈ ಸರಿಸಿ ಕುಣಿಯೊಳಗೆ ನೋಡಿದಳು. ಮಣ್ಣು ಕುತ್ತಿಗೆಯ ತನಕ ಬಂದಿತ್ತು. ಮೇಲೆ ಉಳಿದದ್ದು ಮುಖವೊಂದೇ.

"ಒಂದ್ ಗಳಿಗಿ ತಡೀರಿ," ಎಂದಳು. ಸಲಿಕೆ ನಿಂತವು. ಅವಳು ಅಂಚಿನಲ್ಲಿ ಬೋರಲಾಗಿ ಮಲಗಿ ಕೈ ಚಾಚಿ, ತಂಗಿಯ ಹುಬ್ಬಿನ ಮೇಲೆ ಬಿದ್ದಿದ್ದ ಮಣ್ಣನ್ನು ಸೆರಗಿನ ತುದಿಯಿಂದ ಒರೆಸಿದಳು. ಹಿಂದೆ ಮೊಬೈಲಿನಲ್ಲಿ ಕ್ಯಾಪ್ಟನ್ ಮತ್ತೆ ಅದೇ ಮಾತು ಹೇಳುತ್ತಿದ್ದ.

"ಕತ್ತಲಾಗತೈತವ್ವ," ಎಂದರು ಅಯ್ಯನವರು.

ಮುಖವನ್ನು ಇನ್ನೊಮ್ಮೆ ನೋಡಿ ಅವಳು ಎದ್ದು ಸರಿದು ನಿಂತಳು. ಸಲಿಕೆಗಳು ಒಟ್ಟಿಗೇ ಮೇಲೆದ್ದವು.