ಏಡ್ಸಾಸುರನಿಗೊಂದು ಚಹಾ

ಚಹಾದ ಲೋಟ ಕಂಡು ರಾಕ್ಷಸ ಓಡಿದ್ದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಓಡಿಸಿದವಳೇ ನಾನು, ಸತ್ಯವ್ವ.

2003ರ ಮಾತು. ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಹಾದ ಗಾಡಿ. ಅದರ ಹಿಂದಿನ ವರ್ಷ ಗಂಡ ನೀಲಪ್ಪ ಏಡ್ಸ್ ಆಗಿ ತೀರಿಕೊಂಡಿದ್ದ. ತಪಾಸಣೆ ಮಾಡಿಸಿದಾಗ ನನ್ನ ರಕ್ತದಲ್ಲೂ ಎಚ್‌ಐವಿ ಇದೆ ಎಂದರು. ಗಂಡ ಹೋದ ದುಃಖವನ್ನಾದರೂ ನೆಟ್ಟಗೆ ಪಡಲು ಬಿಟ್ಟಾರೆಯೇ ಈ ಮಂದಿ? ಸುದ್ದಿ ಆಗಲೇ ಎಲ್ಲ ಕಾರ್ಖಾನೆಗಳ ಗೇಟು ದಾಟಿತ್ತು. ನನ್ನ ಗಾಡಿಗೆ ಮುಗಿಬೀಳುತ್ತಿದ್ದವರು ಮೂಗಿಗೆ ಕರ್ಚೀಫು ಹಿಡಿದು ರಸ್ತೆಯ ಆಚೆಯಿಂದ ಹೋಗತೊಡಗಿದರು. ಏನು, ಸ್ಟೋವಿನ ಹೊಗೆಯಲ್ಲಿ ರೋಗ ಬರುತ್ತದೆಯೇ? ಹಾಳಾಗಿ ಹೋಗಲಿ!

ಮಂದಿಯ ಮಾತು ಬಿಡಿ. ಒಂದೇ ಸೂರಿನಡಿ ಇದ್ದ ನನ್ನ ಅತ್ತೆಯೇ ಬೇರೆ ಒಲೆ ಹೂಡಿ ತನ್ನ ಚಹಾ ತಾನೇ ಕಾಸಿಕೊಳ್ಳುತ್ತಿದ್ದಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು. ಮನೆಯವಳೇ ಕುಡಿಯದ ಚಹಾವನ್ನು ಊರವರು ಯಾಕೆ ಕುಡಿದಾರು? ಗಾಡಿ ನಿಂತರೆ ನಮ್ಮಿಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆಯೇ ಗತಿ.

ಧಾರವಾಡದಲ್ಲಿ ನಮ್ಮಂಥವರಿಗೆ ನೆರವಾಗುವ ಒಂದು ಸಂಘವಿತ್ತು. ಅಲ್ಲಿ ಗೀತಾಂಜಲಿ ಎಂಬ ಹುಡುಗಿ ತಿಳಿವಳಿಕೆ ಹೇಳುತ್ತಾಳೆಂದು ಕೇಳಿ ಹೋದೆ.

"ಬಾಯಾರ, ಇದು ಚಾದಾಗ ಬರತೈತೇನ್ರಿ?"

"ಇಲ್ರಿ ಸತ್ಯವ್ವ. ಚಾದಾಗ ಇಲ್ಲ, ಲೋಟದಾಗ ಇಲ್ಲ, ಕೈ ಮುಟ್ಟಿದ್ರ ಬರೂದಿಲ್ಲ, ಸೊಳ್ಳಿ ಕಡದ್ರೂ ಬರೂದಿಲ್ಲ."

ಹೇಗೆ ಬರುತ್ತದೆ ಎಂಬುದನ್ನೂ ಒಂದಿಷ್ಟೂ ನಾಚದೆ ಹೇಳಿದಳು: ನಿರೋಧ್ ಇಲ್ಲದ ಸಂಬಂಧ, ಸೋಂಕಿನ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ತಾಯಿಯಿಂದ ಕೂಸಿಗೆ. ಒಂದು ಕಟ್ಟು ಕರಪತ್ರವನ್ನೂ ಕೊಟ್ಟಳು. ಗಾಡಿಯ ಸುತ್ತ ಅಂಟಿಸಿದೆ. ಆಗಿದ್ದೇನು? ಸುದ್ದಿ ಗೊತ್ತಿಲ್ಲದೆ ಕುಡಿಯುತ್ತಿದ್ದ ಪರಊರ ಲಾರಿಯವರೂ 'ಏಡ್ಸ್' ಎಂಬ ಒಂದೇ ಶಬ್ದ ಓದಿ ಪರಾರಿಯಾದರು.

ಸಿಟ್ಟು ನೆತ್ತಿಗೇರಿ ಮತ್ತೆ ಸಂಘಕ್ಕೆ ಹೋದೆ. "ನಿಮ್ಮ ಹಾಳಿ ನೀವ ಇಟ್ಗೋರಿ! ನಮ್ಮ ಮಂದಿ ಓದಂಗಿಲ್ಲ. ಆಟ ಅಂದ್ರ ಚಾಪಿ ಹೊತಗೊಂಡು ಬರತಾರ."

ಗೀತಾಂಜಲಿ ಒಂದು ದೊಡ್ಡಾಟದ ಮೇಳವನ್ನೇ ಹಿಡಿದು ತಂದಳು. ದೊಡ್ಡಾಟದಲ್ಲಿ ದೇವರೇ ಬರಲಿ, ದೈತ್ಯನೇ ಬರಲಿ, ಸಾರಥಿ ಅಡ್ಡ ನಿಂತು 'ಯಾರು, ಎಲ್ಲಿಯವರು, ಯಾಕೆ ಬಂದಿರಿ' ಎಂದು ಕೇಳದೆ ಬಿಡುವುದಿಲ್ಲವಲ್ಲ? ಹೇಳಬೇಕಾದ್ದನ್ನೆಲ್ಲ ಆ ಸವಾಲು ಜವಾಬಿನಲ್ಲೇ ತುಂಬಿಸಿದಳು. ಶಿದ್ದಪ್ಪನೆಂಬ ಆಳೆತ್ತರದ ನಟ ಏಡ್ಸಾಸುರ. ಕಾಸಿಮಸಾಬ ಸಾರಥಿ.

ಭಾನುವಾರ ಸಂಜೆ ನನ್ನ ಗಾಡಿಯ ಮುಂದಿನ ಬಯಲಿನಲ್ಲೇ ಹಲಗೆಯ ಅಟ್ಟ ಕಟ್ಟಿ ಆಟ. ಊರಿಗೆ ಊರೇ ನೆರೆಯಿತು. ಅತ್ತೆಯಂತೂ ಎಲ್ಲರಿಗಿಂತ ಮೊದಲೇ ಬಂದು ಮುಂದೆ ಚಾಪೆ ಹಾಸಿದ್ದಳು.

"ಭಲಾ! ತಾವು ಯಾರು? ಯಾವ ಪಟ್ಟಣದವರು?" ಎಂದ ಕಾಸಿಮಸಾಬ.

"ಎಲೈ ಸಾರಥಿ! ಮೂರು ಲೋಕ ನಡುಗಿಸುವ ಏಡ್ಸಾಸುರ ನಾನು!" ಶಿದ್ದಪ್ಪ ಹಲಗೆ ಮುರಿಯುವ ಹಾಗೆ ಕುಣಿದ. ಶಿಳ್ಳೆಯೋ ಶಿಳ್ಳೆ.

"ಸೊಳ್ಳಿ ಮ್ಯಾಲೆ ಕುಂತು ಬರತೀಯೇನು?"

"ಥೂ! ಸೊಳ್ಳಿ ಮ್ಯಾಲೆ ಬರಾಕ ನನಗೇನು ಮರ್ಯಾದಿ ಇಲ್ಲೇನು?"

"ನಿರೋಧ್ ಹಾಕ್ಕೊಂಡವರ ಹಂತ್ಯಾಕ ಬರತೀಯೇನು?"

"ಅದರ ಹೆಸರ ಎತ್ತಬ್ಯಾಡೋ, ಎದಿ ಒಡೀತೈತಿ!"

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು.

"ಚಾದ ಲೋಟದಾಗ?"

"ಒಂದ ಲೋಟದಾಗ ಊರೆಲ್ಲಾ ಕುಡೀರಿ, ನಾ ಅದರಾಗ ಇರಂಗಿಲ್ಲ!"

ಚಪ್ಪಾಳೆ ಕೇಳಿ ಕಾಸಿಮಸಾಬನಿಗೆ ಹುರುಪು ಏರಿತು. "ಹಂಗಾದ್ರ ಸತ್ಯವ್ವನ ಗಾಡಿ ಅಲ್ಲೇ ಐತಿ. ಒಂದು ಚಾ ಕುಡದು ತೋರಸು, ಅಸುರೇಂದ್ರಾ!"

ಇದು ಆಟಕ್ಕೆ ಕಲಿಸಿದ ಮಾತಿನಲ್ಲಿ ಇರಲಿಲ್ಲ. ಆದರೆ ನನಗೆ ಅಷ್ಟೇ ಸಾಕಾಗಿತ್ತು. ಬಿಸಿ ಚಹಾ ಸೋಸಿಕೊಂಡು ಅಟ್ಟ ಹತ್ತಿದೆ. ಶಿದ್ದಪ್ಪ ಲೋಟ ನೋಡಿದ, ನನ್ನ ಮುಖ ನೋಡಿದ. ಬಣ್ಣ ಬಳಿದ ಮುಖ ಬಿಳಿಚಿದ್ದು ಕಾಣಲಿಲ್ಲ, ಮೀಸೆ ನಡುಗಿದ್ದು ಕಂಡಿತು.

"ನಂಗ... ಪಿತ್ತ ಐತಿ ಬೇ. ಚಾ ಆಗಿ ಬರೂದಿಲ್ಲ." ಅಸುರನ ಗಂಟಲು ಎಲ್ಲಿ ಹೋಯಿತೋ!

"ಈಗ ಗಂಟಲ ಹರಕೊಂಡು ಹೇಳಿದ್ಯಲ್ಲೋ ಭಾಡ್ಯಾ! ಕುಡಿ!"

ಅವನು ಹಿಂದೆ ಸರಿದ, ನಾನು ಮುಂದೆ ಹೋದೆ. ಅವನು ಸಾರಥಿಯ ಬೆನ್ನಿಗೆ ಅವಿತ. "ಕಾಸೀಮಣ್ಣಾ, ನೀ ಕುಡಿ ಮೊದಲ!"

"ನಂದು ಕೇಳೂ ಕೆಲಸ ಅಷ್ಟಪಾ!" ಎಂದು ಅವನೂ ಓಟ ಕಿತ್ತ.

ಯುದ್ಧದ ಸನ್ನಿವೇಶ ಬಂತೆಂದು ಮದ್ದಲೆಯವನು ಪೆಟ್ಟು ಜೋರು ಮಾಡಿದ. ಕಿರೀಟ ಕಿವಿಗೆ ಜಾರಿತು, ಖಡ್ಗ ಕೆಳಗೆ ಬಿತ್ತು. ಮೂರು ಲೋಕ ನಡುಗಿಸುವವನು ಮುಂದೆ, ಲೋಟ ಹಿಡಿದ ನಾನು ಹಿಂದೆ. ಮಂದಿ ಬಿದ್ದು ಬಿದ್ದು ನಕ್ಕರು. ಗೀತಾಂಜಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು.

ನನಗೂ ಮೊದಮೊದಲು ನಗು ಬಂತು. ಆಮೇಲೆ ಕಾಲುಗಳು ನಿಂತುಬಿಟ್ಟವು. ಪಾಠ ಬಾಯಿಪಾಠ ಮಾಡಿದವನೇ ಕುಡಿಯದಿದ್ದರೆ ಇನ್ನು ಯಾರು ಕುಡಿದಾರು? ಅಷ್ಟು ಮಂದಿಯ ನಡುವೆ ನನ್ನಷ್ಟು ಒಂಟಿ ಯಾರೂ ಇಲ್ಲ ಅನ್ನಿಸಿ ಅಳು ಒತ್ತರಿಸಿ ಬಂತು. ಗಾಡಿ ಮಾರಿಬಿಡುವುದೇ ಸೈ ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದಳು. "ಸರೀರಿ ಅತ್ಲಾಗ!" ಎನ್ನುತ್ತ ಅಟ್ಟ ಹತ್ತಿ, ಗೀತಾಂಜಲಿಯ ಕಡೆ ತಿರುಗಿದಳು. "ಇಂವ ಒದರಿದ್ದು ಖರೇ ಏನ್ರಿ ಬಾಯಾರ?"

"ಖರೇ ರೀ ಅಜ್ಜಿ. ಒಂದೊಂದು ಮಾತೂ ಖರೇ."

ಅತ್ತೆ ನನ್ನತ್ತ ಕೈ ಚಾಚಿದಳು. "ತಾ ಇಲ್ಲೆ."

"ಅತ್ತೀ, ಎಲ್ಲಾರೂ ನೋಡಾಕತ್ತಾರ," ಎಂದೆ.

"ನೋಡ್ಲಿ. ಅದಕ್ಕ ಬಂದಾರ."

ಲೋಟ ಕಸಿದುಕೊಂಡು ಕುಡಿದಳು. ಅರ್ಧಕ್ಕೆ ನಿಲ್ಲಿಸದೆ ತಳದವರೆಗೂ ಕುಡಿದಳು. ಮದ್ದಲೆ ನಿಂತಿತು. ಅತ್ತೆ ಬಾಯಿ ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಸಕ್ರಿ ಯಾರ ಹಾಕಬೇಕು, ನಿಮ್ಮಪ್ಪ? ಹಿಂಗ ಕೈ ಬಿಗಿ ಹಿಡದ್ರ ಗಾಡಿ ನಡೀತೈತೇನು? ಇನ್ನೊಂದು ಲೋಟ ಮಾಡ್ಕೊಂಡು ಬಾ!"

ಸಕ್ಕರೆ ಸರಿಯಾಗೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಬೇರೆ ದಿನವಾಗಿದ್ದರೆ ಜಗಳ ಕಾದು ಬಿಡುತ್ತಿದ್ದೆ. ಅವತ್ತು ಮಾತ್ರ ಕಣ್ಣು ಮೂಗು ಒಟ್ಟಿಗೇ ಒರೆಸಿಕೊಳ್ಳುತ್ತ ಗಾಡಿಯ ಕಡೆಗೆ ಓಡಿದೆ. ಬೆನ್ನ ಹಿಂದೆ ಅತ್ತೆಯ ದನಿ ಬಯಲಿಗೆಲ್ಲ ಕೇಳುತ್ತಿತ್ತು.

"ಈ ಅಸುರಗೂ ಒಂದು ತಾ! ನನ್ನ ಸೊಸಿ ಚಾ ಹೆಂಗ ಕುಡಿಯಂಗಿಲ್ಲ, ನಾನೂ ನೋಡತೇನಿ!"