ಎರಡನೆಯ ಸಲದ ಸುದ್ದಿ

ಗರಗಸದ ಯಂತ್ರ ಚಾಲೂ ಮಾಡಿದ ಮಹಾಬಲ, ಮಾವಿನ ಮರದ ಬುಡದಲ್ಲಿದ್ದ ಹಳೆಯ ಗಾಯ ಕಂಡು ಮತ್ತೆ ಬಂದ್ ಮಾಡಿದ.

"ಚೆನ್ನಪ್ಪಣ್ಣ, ಈ ಸಲ ಗ್ಯಾರಂಟಿ ಅಲ್ವಾ?"

"ಒಳಗೆ ಹೋಗಿ ನೋಡು ಮಾರಾಯ." ಚೆನ್ನಪ್ಪನಿಗೆ ಅಳುವಿನ ನಡುವೆ ನಗು ಬಂತು.

ಮನೆಯ ಚಾವಡಿಯಲ್ಲಿ ದೀಪದ ಪಕ್ಕ ಚೆನ್ನಪ್ಪನ ಸೋದರತ್ತೆ ಸೀತಜ್ಜಿ ಮಲಗಿದ್ದರು. ಮದುವೆಯಾಗದ ಅವರು ಮನೆಮನೆಗೆ ಹೋಗಿ ಬಾಣಂತಿಯರನ್ನು, ಎಳೆಮಕ್ಕಳನ್ನು ಎಣ್ಣೆ ತಿಕ್ಕಿ ಮೀಯಿಸುತ್ತಲೇ ಮುದುಕಿಯಾದವರು. ನಿನ್ನೆ ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಚೆನ್ನಪ್ಪನ ಮಗಳು ನವ್ಯಾ ಊರಿನ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿ ಆಗಿತ್ತು. ಬಂದದ್ದೆಲ್ಲ ನಗುವ ಮುಖಗಳು. 'ಪುನಃ ಸತ್ರಾ?' 'ಸೀತಕ್ಕ, ಚಾ ಇಡಿ, ಬರ್ತೇವೆ.' 'ಮರಕ್ಕೆ ಕೈ ಹಾಕ್ಬೇಡಿ ಮಾರಾಯ್ರೆ!'

"ಯಾರೂ ನಂಬುದಿಲ್ಲ ಅಪ್ಪ."

"ಫೋನ್ ಮಾಡಿ ಹೇಳು."

"ಯಾರಿಗೆ ಅಂತ ಮಾಡುದು? ಹೋದ ಸಲ ಬರೆದವರಲ್ಲಿ ಅರ್ಧ ಜನರ ಗುರ್ತವೇ ನಂಗಿಲ್ಲ."

"ಹಾಗಾದ್ರೆ ಅತ್ತೆಯ ಮುಖದ್ದೊಂದು ಫೋಟೋ ಹಾಕು. ಈಗ ಎಲ್ಲರೂ ಹಾಕ್ತಾರಲ್ಲ."

ನವ್ಯಾ ಅಜ್ಜಿಯ ಮೂಗಿಗಿಟ್ಟ ಹತ್ತಿಯನ್ನು ನೋಡಿದಳು. "ಅದು ನನ್ನಿಂದ ಆಗುದಿಲ್ಲ."

ಮಧ್ಯಾಹ್ನ ದಾಟಿದರೆ ಹೆಣ ಎತ್ತಬೇಕು. ಅಂಗಳದಲ್ಲಿ ಇದ್ದವರು ನೆರೆಕರೆಯವರು ಮಾತ್ರ. ನವ್ಯಾ ಅಜ್ಜಿಗೆ ಒಂದು ಮಾತು ಕೊಟ್ಟಿದ್ದಳು.

*

ಹೋದ ಮಾರ್ನೆಮಿ ಹಬ್ಬದ ಸಮಯ. ಕಡಬದ ಕಡೆ ಬೇರೊಬ್ಬ ಸೀತು ತೀರಿಕೊಂಡಿದ್ದರು. ಜೀಪು ಓಡಿಸುವ ಯತಿನ್ ಆ ಸುದ್ದಿಗೆ ಈ ಸೀತಜ್ಜಿಯ ಫೋಟೋ ಅಂಟಿಸಿ ಗ್ರೂಪಿಗೆ ಬಿಟ್ಟ. ಅಜ್ಜಿ ಆಗ ಮನೆಯವರ ಜೊತೆ ಪುತ್ತೂರಿನಲ್ಲಿ, ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದರು. ಮನೆಗೆ ಬೀಗ, ಫೋನು ಹತ್ತಲಿಲ್ಲ. ಹೆಣ ಪುತ್ತೂರಿನಿಂದಲೇ ಬರುತ್ತದೆಂದು ನಂಬಿದ ನೆರೆಕರೆಯವರು, ಬಂದ ಮೇಲೆ ತಡವಾಗಬಾರದೆಂದು, ಚಿತೆಗಾಗಿ ಅಂಗಳದಂಚಿನ ಮಾವಿಗೆ ಗರಗಸ ಇಟ್ಟೇಬಿಟ್ಟರು.

ರಿಕ್ಷಾದಿಂದ ಇಳಿದ ಅಜ್ಜಿ ಕೊಡೆ ಎತ್ತಿಕೊಂಡು ಓಡಿದರು. "ಯಾರನ್ನು ಸುಡ್ಲಿಕ್ಕೆ ಇದು?"

ಮಹಾಬಲ ಗರಗಸ ಬಿಟ್ಟು ನೀರಿನ ತೋಡು ಹಾರಿದ.

"ನಾನು ನಿಜವಾಗಿ ಹೋಗುವವರೆಗೆ ಈ ಮರ ಮುಟ್ಟಿದವನ ಕೈ ಮುರಿತೇನೆ!"

ಯತಿನ್ ಅದನ್ನೂ ವೀಡಿಯೊ ಮಾಡಿ ಹಾಕಿದ. ಸುಳ್ಯ, ಪುತ್ತೂರು, ಕಡಬದ ಫೋನುಗಳಲ್ಲೆಲ್ಲ ಅಜ್ಜಿ ಕೊಡೆ ಎತ್ತಿಕೊಂಡು ಓಡಿದ್ದೇ ಓಡಿದ್ದು.

ಆ ಸಂಜೆ ನವ್ಯಾ, ತಪ್ಪು ಸುದ್ದಿಯ ಕೆಳಗೆ ಜನ ಬರೆದದ್ದನ್ನು ಓದಿ ಹೇಳಿದಳು. 'ನನ್ನನ್ನೂ ನನ್ನ ಮಗಳನ್ನೂ ಮೀಯಿಸಿದ ಕೈ.' 'ತಿಂಗಳು ತುಂಬುವ ಮೊದಲೇ ಹುಟ್ಟಿದ ನಾನು ಬದುಕಿದ್ದು ಸೀತಕ್ಕನಿಂದ ಅಂತ ಅಮ್ಮ ಹೇಳುತ್ತಾರೆ.' ಮುಗಿಯುವಂತೆಯೇ ಇರಲಿಲ್ಲ. ಅಜ್ಜಿ ಎಲೆಯಡಿಕೆ ಜಗಿಯುವುದನ್ನೇ ಮರೆತಿದ್ದರು.

ಅವರೇ ಹೇಳುತ್ತಿದ್ದ ಒಂದು ಕತೆಯಿತ್ತು: ಸತ್ತವರು ಮನೆಯ ಹೆಂಚಿನ ಮಾಡಿನ ಮೇಲೆ ಕೂತು, ಒಳಗೆ ಅಳುವವರು ಆಡುವ ಮಾತನ್ನು ಕೇಳಿಸಿಕೊಂಡೇ ಹೊರಡುತ್ತಾರಂತೆ.

"ನಾನು ಜಗಲಿಯಲ್ಲಿ ಕೂತೇ ಕೇಳಿದೆನಲ್ಲ ಮಗಾ," ಎಂದರು. "ಇಷ್ಟು ಜನ ಉಂಟಾ? ನಂಗೆ ಇವರ ತೊಟ್ಟಿಲಿನ ಬಾಲೆಮುಖ ಮಾತ್ರ ಗೊತ್ತು. ಬೆಳೆದ ಮೇಲೆ ಹೇಗಿದ್ದಾರೋ. ನಾನು ಹೋಗುವ ದಿನ ಎಲ್ಲರನ್ನೂ ಕರಿತೀಯಾ?"

"ಕರಿತೇನೆ."

ಅಜ್ಜಿಯ ಎಡ ಅಂಗೈ ಮಡಿಲಲ್ಲಿ ತನ್ನಷ್ಟಕ್ಕೇ ಬಾಗಿತ್ತು. ಮಗುವಿನ ತಲೆಗೆ ನೀರು ಹೊಯ್ಯುವಾಗ ಅವರು ಅದನ್ನು ಹಣೆಗೆ ಅಡ್ಡ ಹಿಡಿಯುತ್ತಿದ್ದರು, ಮಾಡಿನ ಇಳಿಜಾರಿನ ಹಾಗೆ. "ಕಣ್ಣು ಉರಿದ್ರೆ ಬಾಲೆಗೆ ಈ ಲೋಕವೇ ಬೇಡ ಅಂತ ಆಗ್ತದೆ."

*

ಅಂಗಳದಲ್ಲಿ ಯಂತ್ರ ಮತ್ತೆ ಗುರ್ರೆಂದಿತು. ನವ್ಯಾ ಓಡಿ ಬಂದಳು.

"ಮಹಾಬಲಣ್ಣ, ಒಂದು ನಿಮಿಷ!"

ಹೋದ ಸಲ ಯತಿನ್ ಆ ವೀಡಿಯೊ ತೆಗೆದ ಜಾಗದಲ್ಲೇ ಅವಳು ನಿಂತು ಫೋನು ಹಿಡಿದಳು. "ಈಗ ಕಡೀರಿ."

ಮರ ಹಳೆಯ ಗಾಯದಲ್ಲೇ ಮುರಿದು, ತಳಿರಿನ ಸಮೇತ ಅಂಗಳದ ಅಂಚಿಗೆ ಒರಗಿತು. ಒಂದಕ್ಷರ ಬರೆಯದೆ ಅಷ್ಟನ್ನೇ ಗ್ರೂಪಿಗೆ ಹಾಕಿದಳು.

ನಗುವ ಮುಖಗಳು ನಿಂತವು. ಮೊದಲು ಬರೆದದ್ದನ್ನು ಒಬ್ಬೊಬ್ಬರೇ ಅಳಿಸತೊಡಗಿದರು. ಆಮೇಲೆ ಒಂದು ಸಾಲು ಬಂತು: 'ಹೊರಟೆ.' ಅದರ ಕೆಳಗೆ ಇನ್ನೊಂದು. ಮತ್ತೊಂದು.

ಜೀಪು, ಬೈಕು, ರಿಕ್ಷಾಗಳು ಮಣ್ಣಿನ ದಾರಿಯುದ್ದಕ್ಕೂ ಸಾಲುಗಟ್ಟಿದವು. ಖಾಕಿ ಹಾಕಿದವರು, ಗಡ್ಡ ನರೆತವರು, ಮಗು ಎತ್ತಿಕೊಂಡವರು. ಯತಿನ್ ಬಿದ್ದ ಮರದ ಹತ್ತಿರ ತಲೆ ತಗ್ಗಿಸಿ ನಿಂತ.

"ಬನ್ನಿ ಸುದ್ದಿಗಾರರೇ," ಎಂದ ಮಹಾಬಲ. "ಕೊಡಪಾನ ಹಿಡಿ ಮಾರಾಯ, ಕೈಗೊಂದು ಒಳ್ಳೆ ಕೆಲಸ ಆಗ್ಲಿ."

ಗಂಡಸರು ಬಾವಿಯಿಂದ ಕೈಯಿಂದ ಕೈಗೆ ನೀರು ದಾಟಿಸಿದರು. ಹೆಂಗಸರು ಸೀರೆ ಮರೆ ಹಿಡಿದು ಅಜ್ಜಿಯನ್ನು ಮೀಯಿಸಲು ಮಣೆಯ ಮೇಲೆ ಒರಗಿಸಿದರು. ಮೊದಲ ಚೆಂಬು ಹರಿಣಾಕ್ಷಿಯದು. ಹಿಂದೆ ಸೀತಜ್ಜಿ ಮೀಯಿಸಿದ ಬಾಲೆ, ಈಗ ಈಶ್ವರಮಂಗಲದಲ್ಲಿ ಹಾಲಿನ ಸೊಸೈಟಿ ನೋಡಿಕೊಳ್ಳುವ ಹೆಂಗಸು. ಬಲಗೈಯಲ್ಲಿ ನೀರು ಎತ್ತಿದಳು. ಎಡ ಅಂಗೈ ಬಾಗಿ ಅಜ್ಜಿಯ ಹಣೆಗೆ ಅಡ್ಡ ನಿಂತಿತು.

ನವ್ಯಾ ಬಗ್ಗಿ ನೋಡಿದಳು. "ಹಾಗೆ ಹಿಡೀಬೇಕು ಅಂತ ನಿಮಗೆ ಯಾರು ಹೇಳಿದ್ದು ಅಕ್ಕ?"

"ಹೇಗೆ?" ಎಂದಳು ಹರಿಣಾಕ್ಷಿ, ತನ್ನ ಕೈಯನ್ನೇ ನೋಡಿ.

ಮುಂದಿನವಳೂ ಹಾಗೆಯೇ ಹಿಡಿದಳು. ಅವಳ ಹಿಂದಿನವಳೂ. ಕೊನೆಗೆ ಚೆಂಬು ನವ್ಯಾಳಿಗೆ ಬಂದಾಗ, ಅವಳ ಎಡಗೈ ಆಗಲೇ ಬಾಗಿತ್ತು. ಬಾವಿಯ ನೀರು ಅಷ್ಟು ಹರಿದರೂ ಸೀತಜ್ಜಿಯ ರೆಪ್ಪೆಗಳು ಒದ್ದೆಯಾಗಿರಲಿಲ್ಲ.