ಡಿಶ್ಶಿನಲ್ಲಿ ಒಣಗಿದ ಸಂಡಿಗೆ

ಇದನ್ನು ಡೈರಿಯಲ್ಲಿ ಮೂರು ಸಲ ಬರೆದು ಮೂರು ಸಲವೂ ಹೊಡೆದು ಹಾಕಿದ್ದೇನೆ. ಆ ಹೆಂಗಸು ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು. ಆಗ ನನ್ನ ಕೈ ಎಲ್ಲಿತ್ತು? ಮಡಿಲಲ್ಲಿತ್ತೋ, ನನ್ನ ಕಿವಿಯ ಹತ್ತಿರವೇ ಇತ್ತೋ? ಎಷ್ಟು ನೆನೆದರೂ ಆ ಕೈ ಮಾತ್ರ ಸಿಗುತ್ತಿಲ್ಲ.

ಹೆಂಗಸು ಕಂಡದ್ದು ನಮ್ಮ ಟಿವಿಯಲ್ಲಿ. ಏಪ್ರಿಲ್‌ನ ಎರಡನೆಯ ರವಿವಾರ, ಮಧ್ಯಾಹ್ನ ಮೂರರ ಸುಮಾರಿಗೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಕಂಡ ಕೂಡಲೇ ನಾನು "ಬಂತು" ಅಂದೆ. ಆ ಒಂದು ಮಾತಿನ ಮೇಲೆ ಅಪ್ಪ ಸಿಮೆಂಟು ಸುರಿದರು.

ಅಪ್ಪ ಬೆಳಗಾವಿಯ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಖಾನಾಪುರದಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಾರೆ. ಅವರಿಗೆ ಎರಡು ವರ್ಷದಿಂದ ಆಕಾಶದಿಂದ ಚಿತ್ರ ಹಿಡಿಯುವ ಹುಚ್ಚು. ಕಿಟಕಿಗೆ ಸೊಳ್ಳೆ ಬಾರದಂತೆ ಹೊಡೆಯುವ ಅಲ್ಯೂಮಿನಿಯಂ ಜಾಳಿಗೆಯನ್ನು ಬೆಳಗಾವಿಯ ರವಿವಾರ ಪೇಟೆಯಿಂದ ಸುರುಳಿ ಸುರುಳಿಯಾಗಿ ತಂದು, ಕಬ್ಬಿಣದ ಪಟ್ಟಿಗಳನ್ನು ಬಗ್ಗಿಸಿ, ಎಂಟು ಅಡಿ ಅಗಲದ ಡಿಶ್ಶನ್ನು ಹಿತ್ತಲಲ್ಲಿ ತಾವೇ ಕಟ್ಟಿದರು. ರಷ್ಯಾದವರ ಉಪಗ್ರಹವೊಂದು ನಮ್ಮ ನೆತ್ತಿಯಿಂದ ತುಸು ದಕ್ಷಿಣಕ್ಕೆ, ತುಸು ಪೂರ್ವಕ್ಕೆ ನಿಂತಿದೆ ಎಂದು ಅವರಿಗೆ ಹೇಳಿದವರು ಅಲ್ಲಿನ ಸದಾಶಿವನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಕಲ್ಲಯ್ಯನವರು. ಹಾಗಾಗಿ ನಮ್ಮ ಡಿಶ್ಶು ನೆಟ್ಟಗೆ ನಿಂತದ್ದಲ್ಲ. ಆಕಾಶಕ್ಕೆ ಬಾಯಿ ತೆರೆದು, ಮದುವೆ ಮನೆಯಲ್ಲಿ ಅನ್ನ ಹರಡುವ ಪರಾತದ ಹಾಗೆ ಹೆಚ್ಚುಕಡಿಮೆ ಮಲಗಿಯೇ ಇತ್ತು.

ಚಿತ್ರ ಹುಡುಕುವುದು ಮೂವರ ಕೆಲಸ. ಅಪ್ಪ ಹಿತ್ತಲಲ್ಲಿ ಡಿಶ್ಶನ್ನು ಕೂದಲೆಳೆಯಷ್ಟು ವಾಲಿಸುತ್ತಾರೆ. ನಾನು ಪಡಸಾಲೆಯಲ್ಲಿ ಟಿವಿಯ ಮುಂದೆ ಕೂತು ನೋಡುತ್ತೇನೆ. ನನ್ನ ದನಿ ಹಿತ್ತಲವರೆಗೆ ಮುಟ್ಟುವುದಿಲ್ಲ. ಕಾಲೇಜಿನಲ್ಲಿ ನನ್ನ "ಪ್ರೆಸೆಂಟ್ ಸರ್" ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಅದಕ್ಕೇ ಅವ್ವ ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು ನನ್ನ ಮಾತನ್ನು ಅಪ್ಪನಿಗೆ ದಾಟಿಸುತ್ತಾಳೆ.

"ಬಂತೇನ?" ಎಂದು ಅಪ್ಪ.

"ಬಂತೇನ ಕಾಂತಾ?" ಎಂದು ಅವ್ವ.

ನಾನು ಇಲ್ಲವೆಂದು ತಲೆಯಾಡಿಸಿದರೆ, "ಇಲ್ಲಂತ್ರಿ" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಕೂಗುವಳು.

ಆ ರವಿವಾರ ಹನ್ನೆರಡಕ್ಕೆ ಶುರುವಾದದ್ದು ಮೂರಾದರೂ ಮುಗಿದಿರಲಿಲ್ಲ. ಟಿವಿಯಲ್ಲಿ ಬರೀ ಬಿಳಿ ಚುಕ್ಕಿಗಳ ಕುಣಿತ. ಅದನ್ನು ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿದ್ದವು. ಕೊನೆಯ ಸಲ ಅಪ್ಪ "ಬಂತೇನ" ಅನ್ನಲಿಲ್ಲ. "ಈಗರೆ?" ಅಂದರು. ಆ ದನಿ ಅಪ್ಪನದು ಅನ್ನಿಸಲಿಲ್ಲ. ಆಗಲೇ ಚುಕ್ಕಿಗಳ ಹಿಂದೆ ಅವಳು ಕಂಡದ್ದು.

"ಬಂತು."

"ಬಂತಂತ್ರೀ!"

ಅಪ್ಪ ಸುಣ್ಣದಿಂದ ಗುರುತು ಹಾಕಿ ಓಡಿ ಬರುವಷ್ಟರಲ್ಲಿ ಮತ್ತೆ ಬರೀ ಚುಕ್ಕಿ. "ಕೈ ಬಿಟ್ನೆಲ್ಲ, ಅಳ್ಳಾಡಿರಬೇಕ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು.

"ಏನ ಕಂಡಿ?"

"ಒಬ್ಬಾಕಿ ಹೆಂಗಸು."

"ಹೆಂಗಿದ್ಲು?"

"ನಮ್ಮಂಗ ಇದ್ಲು."

"ಮತ್ತ? ರಷ್ಯಾದವ್ರೂ ಮನಷ್ಯಾರ ಅಲ್ಲೇನ," ಎಂದು ಅಪ್ಪ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಮರುದಿನ ರಜೆ ಹಾಕಿ, ಡಿಶ್ಶನ್ನು ಸುಣ್ಣದ ಗುರುತಿಗೆ ಸರಿಯಾಗಿ ಕೂಡಿಸಿ ಕಾಲಿಗೆ ಸಿಮೆಂಟು ಹಾಕಿದರು. ರೈಲಿನಲ್ಲಿ ದಿನವೂ ಜೊತೆಗೆ ಹೋಗುವವರಿಗೆಲ್ಲ ಸುದ್ದಿ ಹೇಳಿದರು. ಬಾಜೂ ಮನೆಯ ಸಾವಂತ್ರವ್ವ ನಳದ ಹತ್ತಿರ ಅವ್ವನನ್ನು ನಿಲ್ಲಿಸಿ, "ನಿಮ್ಮ ಮನಿಗಿ ರಷ್ಯಾ ಬಂತಂತ. ನಮ್ಮ ಮನಿಗಿ ನೀರರೆ ಕಳಸ ಅಂತ ಹೇಳ ಅವರಿಗೆ," ಅಂದಳು.

ಗುರುವಾರ ಮಧ್ಯಾಹ್ನ ನಾನು ಆರಿಸಿಟ್ಟ ಟಿವಿಯ ಧೂಳು ಒರೆಸುತ್ತಿದ್ದೆ. ಕಿಟಕಿ ತೆರೆದಿತ್ತು. ಗಾಜಿನಲ್ಲಿ ಒಬ್ಬಳು ತುಸು ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿದ್ದಳು. ಒರೆಸುವ ಬಟ್ಟೆ ಕೈಯಲ್ಲೇ ನಿಂತಿತು.

ನಾನು ಫಿಜಿಕ್ಸ್ ಓದಿ ಎಂಬತ್ತಾರರಲ್ಲಿ ಬಿ.ಎಸ್ಸಿ. ಮುಗಿಸಿದವಳು, ಗಾಜಿನ ವಿಷಯ ತಿಳಿಯದವಳೇನಲ್ಲ. ಆದರೂ ರವಿವಾರ ಕಂಡವಳು ಇವಳೇನಾ ಎಂಬುದು ಗೊತ್ತಾಗಲಿಲ್ಲ. ಅವತ್ತಿನವಳ ಮುಖದ ಮೇಲೆ ಚುಕ್ಕಿಗಳಿದ್ದವು. ನನ್ನ ಮುಖ ಕಂಡರೂ ಅದರ ಮೇಲೆ ಚುಕ್ಕಿಗಳೇ ಇರಬೇಕಲ್ಲ? ಅವಳ ಹಣೆಯಲ್ಲಿ ವಿಭೂತಿ ಇತ್ತೇ? ನನ್ನ ಹಣೆಯಲ್ಲಂತೂ ಆ ಹೊತ್ತಿಗೆ ಬೆವರಿಗೆ ಅಳಿಸಿಹೋಗಿತ್ತು. ಅಪ್ಪನಿಗೆ ಹೇಳಬೇಕೆಂದುಕೊಂಡೆ. ಆದರೆ ಏನಂತ ಹೇಳಲಿ? ಸುಳ್ಳು ಹೇಳಿದೆ ಅನ್ನಲೇ? ಸುಳ್ಳು ಹೇಳಿರಲಿಲ್ಲ. ಖರೇ ಹೇಳಿದ್ದೆನೇ? ಅದೂ ಗೊತ್ತಿರಲಿಲ್ಲ.

ಮೂರು ವಾರ ಚಿತ್ರ ಬರಲಿಲ್ಲ. ಅಪ್ಪ ಕಚೇರಿಯಿಂದ ಬಂದವರೇ ವೈರು ಬಿಚ್ಚುವರು, ವೈರು ಕಟ್ಟುವರು. ಮೇ ತಿಂಗಳ ಮೊದಲ ಬುಧವಾರ ಅವರು ಬೇಗ ಬಂದು ಹಿತ್ತಲಿಗೆ ಹೋದರೆ, ಡಿಶ್ಶಿನ ತುಂಬ ಹಳೆಯ ಧೋತರ, ಅದರ ಮೇಲೆ ಸಾಲುಸಾಲು ಅಕ್ಕಿ ಸಂಡಿಗೆ.

"ಏನಿದು ಗೌರಾ?"

"ಖಾಲಿ ಬಿದ್ದಿತ್ತಲ್ರಿ," ಅವ್ವ ಸಹಜವಾಗಿಯೇ ಅಂದಳು. "ಬಾಜೂ ಮನಿ ಕೋಳಿ ಮುಟ್ಟೂದಿಲ್ಲ, ಕೆಳಗಿಂದನೂ ಗಾಳಿ ಆಡತೈತಿ. ಇಷ್ಟ ಛಲೋ ಯಾವ ವರ್ಷನೂ ಒಣಗಿಲ್ಲ ನೋಡ್ರಿ."

ಅಪ್ಪ ಸಂಡಿಗೆಯನ್ನು ಧೋತರದ ಸಮೇತ ಇಳಿಸಿ, ಡಿಶ್ಶಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರ ಎಳೆದು ಕಟ್ಟಿ, ದಾರದಿಂದ ಜಾಳಿಗೆಗೆ ಎಷ್ಟು ಆಳವೆಂದು ಕಡ್ಡಿ ಹಿಡಿದು ಅಳೆದರು. ನಡುವೆ ಇರಬೇಕಾದ್ದಕ್ಕಿಂತ ಒಂದು ಬೆರಳಿನಷ್ಟು ಹೆಚ್ಚು ತಗ್ಗು ಬಿದ್ದಿತ್ತು.

"ಊರ ಮಂದಿ ಎಲ್ಲಾ ಇಲ್ಲಿ ಕುಂತ ಮಾಸ್ಕೋ ನೋಡತಿತ್ತು. ನಿನ್ನ ಸಂಡಿಗಿ ತಿಂತು ಅದನ್ನ."

"ನಾ ಹಾಕಿದ್ದು ಮೊನ್ನೆ ಸೋಮವಾರ. ಅದಕ್ಕೂ ಮೊದಲ ದಿನಾ ಬರತಿತ್ತೇನ್ರಿ?"

"ಒಮ್ಮೆ ಬಂದಿತ್ತಲ್ಲ. ಕಾಂತಾ ನೋಡ್ಯಾಳ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆ ತಗ್ಗು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತ್ತು. ಅಂದು ಖರೇ ಬಂದಿದ್ದರೆ? ಆಮೇಲೆ ಬೇರೇನೋ ಕೆಟ್ಟು, ಈಗ ಖರೇನೇ ಸಂಡಿಗೆಯ ಭಾರಕ್ಕೆ ಕೈಬಿಟ್ಟು ಹೋಗಿದ್ದರೆ?

ಅವತ್ತಿನಿಂದ ಅವ್ವ ಹಿತ್ತಲಿಗೆ ಕಾಲಿಡಲಿಲ್ಲ. ಉಳಿದ ಹಿಟ್ಟನ್ನು ಸಾವಂತ್ರವ್ವನ ಎಮ್ಮೆಗೆ ಸುರಿಸಿದಳು. ಹಗ್ಗದ ಮೇಲಿನ ಬಟ್ಟೆ ತರಲಿಕ್ಕೂ ನನ್ನನ್ನೇ ಕಳಿಸುವಳು. ಅಪ್ಪನ ಮುಂದೆ ತಾಟು ಇಟ್ಟವಳೇ ಒಳಗೆ ಹೋಗುವಳು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ನೀ ಕಲತಾಕಿ, ಹೇಳ. ನನ್ನಿಂದನ ಹೋತೇನ ಅದು?" ಎಂದು ಕೇಳಿದಳು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಡೈರಿಯಲ್ಲಿ ಆ ದಿನದ ಹಾಳೆ ಖಾಲಿ ಇದೆ.

ರವಿವಾರ ಕಲ್ಲಯ್ಯನವರು ಬಂದರು. ಅಪ್ಪ ವಯಸ್ಸಿನಲ್ಲಿ ಹಿರಿಯರಾದರೂ, ಜಂಗಮರೆಂದು ಅವರನ್ನು "ಸ್ವಾಮ್ಯಾರ" ಎಂದೇ ಕರೆಯುತ್ತಾರೆ. ಚುರುಮುರಿ ಮುಗಿಸಿ, ಕೈ ತೊಳೆದು, ಡಿಶ್ಶಿನ ಸುತ್ತ ಎರಡು ಸಲ ಸುತ್ತಿ ಬಂದರು.

"ಗುಡಿ ಅಲ್ರಿ ಅದು ಸ್ವಾಮ್ಯಾರ, ಸುತ್ತ ಹಾಕಬ್ಯಾಡ್ರಿ," ಎಂದರು ಅಪ್ಪ. ಆದರೆ ಅವರೇ ನಗಲಿಲ್ಲ.

"ನಡುವ ತಗ್ಗ ಐತಿ, ಖರೇ. ಆದರ ಇಷ್ಟಕ್ಕ ಪೂರಾ ಹೋಗಬಾರದು. ಮಸಕರೆ ಕಾಣಬೇಕಿತ್ತು." ಕಲ್ಲಯ್ಯನವರು ಗಡ್ಡ ಕೆರೆದುಕೊಂಡರು. "ಅವತ್ತ ಟಿವಿ ಮುಂದ ಯಾರ ಇದ್ರು?"

"ನಮ್ಮ ಕಾಂತಾ. ಅಕಿ ಇಲ್ಲದ್ದ ಹೇಳೂಕಿ ಅಲ್ಲ ಬಿಡ್ರಿ. ಅಕಿ ಮಾತಿನ ಮ್ಯಾಲ ಸಿಮೆಂಟ ಹಾಕೇನಿ."

"ಹಂಗಾರ ಅಕಿನ ಕುಂದರ್ಲಿ. ನಾ ಜಾಳಿಗಿ ಕೆಳಗಿಂದ ಎತ್ತಿ ಹಿಡಿತೇನಿ. ಚಿತ್ರ ಬಂತಂದ್ರ ಸಂಡಿಗಿದ ತಪ್ಪು. ಅಲ್ಲಿಗೆ ಮುಗೀತು."

ನಾನು ಟಿವಿಯ ಮುಂದೆ ಕೂತೆ. ಅವ್ವ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಬೇಳೆ ಆರಿಸುತ್ತಿದ್ದಳು. ಇಂದು ಅವಳು ಯಾರ ಮಾತನ್ನೂ ದಾಟಿಸುವವಳಲ್ಲ.

"ಕಾಂತಾ, ಬಂತೇನ?"

ಚುಕ್ಕಿಗಳು. ಅವುಗಳ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಒಬ್ಬಳು. ನಾನು ಮೆಲ್ಲಗೆ ಕೈ ಎತ್ತಿ ಕಿವಿಯ ಹಿಂದೆ ಕೂದಲು ಸರಿಸಿದೆ. ಅವಳೂ ಸರಿಸಿದಳು. ಇವಳು ನಾನೇ, ಅನುಮಾನವಿಲ್ಲ. ಆದರೆ ಅವತ್ತಿನವಳು? ಅವಳ ಕೂದಲು ನನ್ನದಕ್ಕಿಂತ ಗಿಡ್ಡ ಇತ್ತೇನೋ ಅನ್ನಿಸಿತು. ಮರುಕ್ಷಣವೇ ಹಾಗೆ ಅನ್ನಿಸಲಿಲ್ಲ.

"ಈಗರೆ?" ಅಪ್ಪನ ದನಿ. ಅದೇ ದನಿ.

ಬಂತು ಅಂದರೆ ಅಪ್ಪ ನಗುತ್ತಾರೆ, ಅವ್ವ ಆ ಗೋಡೆಯನ್ನೇ ನೋಡುತ್ತ ಉಳಿಯುತ್ತಾಳೆ. ಇಲ್ಲ ಎಂದಷ್ಟೇ ಅಂದರೆ ಅವರು ಇನ್ನೂ ಎತ್ತಿ ಹಿಡಿಯುತ್ತಾರೆ, ಮತ್ತೆ ಕೇಳುತ್ತಾರೆ. "ಅಪ್ಪಾ," ಅಂದೆ. ನನ್ನ ದನಿ ಪಡಸಾಲೆಯ ಹೊಸ್ತಿಲನ್ನೂ ದಾಟಲಿಲ್ಲ.

ಎದ್ದೆ. ಅಡಿಗೆಮನೆಗೆ ಬಂದೆ. ಅವ್ವ ಮೊರ ಹಿಡಿದ ಹಾಗೇ ತಲೆಯೆತ್ತಿದಳು. ಅವಳು ನಿಲ್ಲುತ್ತಿದ್ದ ಹಿಂಬಾಗಿಲಲ್ಲಿ, ಅವಳ ಕೈಯ ಎಣ್ಣೆ ಹತ್ತಿ ಕಪ್ಪಾದ ಚೌಕಟ್ಟನ್ನು ಹಿಡಿದು ನಿಂತೆ. ಹೊರಗೆ ಕಲ್ಲಯ್ಯನವರು ಡಿಶ್ಶಿನ ಕೆಳಗೆ ಅಂಗೈ ಕೊಟ್ಟು ಬಗ್ಗಿದ್ದರು. ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು.

"ಅಪ್ಪಾ," ಅಂದೆ. ಈ ಸಲ ಬೇಲಿಯಾಚೆ ಸಾವಂತ್ರವ್ವನೂ ತಿರುಗಿ ನೋಡಿದಳು. "ಅವತ್ತ ಬಂದಿತ್ತೋ, ಗಾಜಿನಾಗ ನನ್ನ ಮಾರಿನ ನಾ ನೋಡಿದ್ನೋ, ನನಗ ಗೊತ್ತಿಲ್ಲ. ಗೊತ್ತಿಲ್ಲದನ ಬಂತು ಅಂದೆ."